ಎರಡನೇ ಓಎಸ್ ಹಾಕಿದ್ಮೇಲೆ ಲ್ಯಾಪ್‌ಟಾಪ್ ಬೂಟ್ ಆಗ್ತಿಲ್ವಾ? ಫಾರ್ಮ್ಯಾಟ್ ಮಾಡಿಸೋಕೆ ಮುಂಚೆ ಇದನ್ನ ಓದಿ

ವಿಂಡೋಸ್ ಇರೋ ಲ್ಯಾಪ್‌ಟಾಪಿಗೆ ಪಕ್ಕದಲ್ಲೇ ಉಬುಂಟುನೋ ಮಿಂಟೋ ಅಂತ ಒಂದು ಲಿನಕ್ಸ್ ಓಎಸ್ (ಆಪರೇಟಿಂಗ್ ಸಿಸ್ಟಮ್) ಹಾಕ್ಕೊಂಡು, ರೀಸ್ಟಾರ್ಟ್ ಕೊಟ್ಟು, ಆಮೇಲೆ ಕಪ್ಪು ಸ್ಕ್ರೀನಲ್ಲಿ ಬಿಳೀ ಅಕ್ಷರ ಕಂಡು ಎದೆ ಧಸಕ್ ಅಂದವರು ಬೇಕಾದಷ್ಟು ಜನ ಇದಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ನಿಂತ ಮೇಲಂತೂ, ಚೆನ್ನಾಗಿ ಓಡ್ತಿರೋ ಹಳೇ ಲ್ಯಾಪ್‌ಟಾಪ್ ಮೂಲೆಗೆ ಹಾಕೋಕೆ ಮನಸ್ಸಿಲ್ಲದೆ ಲಿನಕ್ಸ್ ಕಡೆ ಬರ್ತಿರೋರು ನನ್ನ ಸುತ್ತಮುತ್ತ ಜಾಸ್ತಿ ಆಗಿದಾರೆ. ಹಂಗಂತ ವಿಂಡೋಸ್ ಪೂರ್ತಿ ಬಿಡೋಕೂ ಆಗಲ್ಲ, ಡಿಟಿಪಿ ಮಾಡೋರಿಗೆ ಪೇಜ್‌ಮೇಕರ್ ಬೇಕು, ನುಡಿಯಲ್ಲಿ ಟೈಪ್ ಮಾಡಿಟ್ಟ ವರ್ಷಗಟ್ಲೆ ಹಳೇ ಫೈಲ್‌ಗಳು ಬೇಕು, ಲೆಕ್ಕ ಬರೆಯೋರಿಗೆ ಟ್ಯಾಲಿ ಬೇಕು, ಹಂಗಾಗಿ ಎರಡೂ ಇರ್ಲಿ ಅಂತ ಡ್ಯುಯಲ್ ಬೂಟ್ ಮಾಡ್ಕೋತಾರೆ. ಮಾಡ್ಕೊಂಡ ದಿನ ರಾತ್ರಿನೇ ಫೋನ್ ಬರತ್ತೆ, "ಎಲ್ಲಾ ಹೋಯ್ತು ಕಣೋ" ಅಂತ.

ಎಲ್ಲಾ ಹೋಗಿರಲ್ಲ. ಇದನ್ನ ಹೇಳೋಕೇ ಈ ಪೋಸ್ಟ್ ಬರೀತಿರೋದು. ಮನೆ ಮುಂದಿನ ನಾಮಫಲಕ ಕಳಚಿ ಬಿದ್ರೆ ಮನೆ ಬಿತ್ತು ಅಂತ ಅಲ್ವಲ್ಲ, ಇಲ್ಲೂ ಹಂಗೇ, ಬಹುಪಾಲು ಕೇಸಲ್ಲಿ ಫೋಟೋ, ಫೈಲು, ವಿಂಡೋಸು, ಲಿನಕ್ಸು ಎಲ್ಲಾ ಡಿಸ್ಕಲ್ಲಿ ಇದ್ದಲ್ಲೇ ಇರತ್ತೆ, ಯಾವುದನ್ನ ಮೊದಲು ಎಬ್ಬಿಸಬೇಕು ಅಂತ ಹೇಳೋ ಒಂದು ಚಿಕ್ಕ ಮಾಹಿತಿ ಮಾತ್ರ ತಪ್ಪಿಹೋಗಿರತ್ತೆ. ನಿಜವಾಗ್ಲೂ ಡೇಟಾ ಹೋಗೋದು ಅದಾದ್ಮೇಲೆ ಗಾಬರಿಯಲ್ಲಿ ಮಾಡೋ ಕೆಲಸದಿಂದ. ಅಂಗಡಿಗೆ ತಗೊಂಡು ಹೋಗ್ತಾರೆ, ಅಲ್ಲಿ ಕೂತಿರೋ ಹುಡುಗನಿಗೆ ಇದನ್ನ ನೋಡ್ತಾ ಕೂರೋಕೆ ಟೈಮ್ ಇಲ್ಲ, "ಸರ್ ಫಾರ್ಮ್ಯಾಟ್ ಮಾಡ್ಬೇಕು" ಅಂತಾನೆ, ಇವರು ಸರಿ ಅಂತಾರೆ, ಸಂಜೆ ಹೊಸ ವಿಂಡೋಸ್ ಹಾಕಿಸ್ಕೊಂಡು ಖಾಲಿ ಡಿಸ್ಕ್ ಮನೆಗೆ ತರ್ತಾರೆ. ಇದನ್ನ ನೋಡಿ ನೋಡಿ ನಂಗೆ ತುಂಬಾ ಬೇಜಾರಾಗಿದೆ.

ಮೊದಲು ಬೂಟ್ ಆಗೋದು ಹೆಂಗೆ ಅಂತ ಸ್ವಲ್ಪ ತಿಳ್ಕೊಳಣ, ಇದು ಗೊತ್ತಿದ್ರೆ ಅರ್ಧ ಭಯ ಹೋಗತ್ತೆ. ಪವರ್ ಬಟನ್ ಒತ್ತಿದ ತಕ್ಷಣ ಓಡೋದು ವಿಂಡೋಸೂ ಅಲ್ಲ ಲಿನಕ್ಸೂ ಅಲ್ಲ, ಮದರ್‌ಬೋರ್ಡಲ್ಲಿರೋ ಫರ್ಮ್‌ವೇರ್, ನಾವೆಲ್ಲ ರೂಢಿಯಲ್ಲಿ ಬಯಾಸ್ ಅಂತೀವಿ, ಈಗಿನ ಮಷಿನ್‌ಗಳಲ್ಲಿ ಅದು ಯುಇಎಫ್‌ಐ. ಅದರ ಹತ್ರ ಒಂದು ಪಟ್ಟಿ ಇರತ್ತೆ, ಮೊದಲು ಇದನ್ನ ಎಬ್ಬಿಸು, ಆಗದೇ ಇದ್ರೆ ಅದನ್ನ ಎಬ್ಬಿಸು ಅಂತ. ಆ ಪಟ್ಟಿ ಹಾರ್ಡ್‌ಡಿಸ್ಕಲ್ಲಿ ಇರಲ್ಲ, ಬೋರ್ಡ್ ಮೇಲಿರೋ ಪುಟ್ಟ ಮೆಮೊರಿಯಲ್ಲಿ ಇರತ್ತೆ. ಪಟ್ಟಿಯಲ್ಲಿರೋ ಪ್ರತಿ ಹೆಸರೂ ಡಿಸ್ಕಲ್ಲಿರೋ ಒಂದು ಚಿಕ್ಕ ಪಾರ್ಟಿಷನ್‌ನ, ಅಂದ್ರೆ ಡಿಸ್ಕನ್ನ ಭಾಗ ಮಾಡಿಟ್ಟ ಒಂದು ತುಂಡಿನ, ಒಂದು ಫೈಲ್ ಕಡೆ ಬೊಟ್ಟು ಮಾಡತ್ತೆ. ಆ ಪಾರ್ಟಿಷನ್ ಹೆಸರೇ ಇಎಫ್‌ಐ ಸಿಸ್ಟಮ್ ಪಾರ್ಟಿಷನ್, ಚಿಕ್ಕದಾಗಿ ಇಎಸ್‌ಪಿ, ಫ್ಯಾಟ್32 ಅನ್ನೋ ಫಾರ್ಮ್ಯಾಟಲ್ಲಿ ಇರತ್ತೆ, ವಿಂಡೋಸ್ ತಾನೇ ಮಾಡಿದ್ರೆ ಸಾಮಾನ್ಯವಾಗಿ 100 ಎಂಬಿ ಅಷ್ಟೇ. ಅದರೊಳಗೆ ಮೈಕ್ರೋಸಾಫ್ಟ್ ಅಂತ ಒಂದು ಫೋಲ್ಡರ್, ಉಬುಂಟು ಅಂತ ಒಂದು ಫೋಲ್ಡರ್, ಎರಡೂ ಅಕ್ಕಪಕ್ಕ ಜಗಳ ಇಲ್ಲದೆ ಇರ್ತಾವೆ. ಉಬುಂಟು ಕಡೆ ಮೊದಲು ಓಡೋ ಫೈಲ್ ಶಿಮ್ ಅನ್ನೋ ಪುಟ್ಟ ಪ್ರೋಗ್ರಾಮ್, ಅದು ಗ್ರಬ್‌ನ ಕರೆಯತ್ತೆ, ಗ್ರಬ್ ಮೆನು ತೋರಿಸಿ ನಾವು ಆರಿಸಿದ್ದನ್ನ ಎಬ್ಬಿಸತ್ತೆ.

ಹಳೇ ಮಷಿನ್‌ಗಳಲ್ಲಿ ಈ ವ್ಯವಸ್ಥೆ ಇರ್ಲಿಲ್ಲ. ಡಿಸ್ಕಿನ ಮೊಟ್ಟಮೊದಲ 512 ಬೈಟ್ ಇದೆಯಲ್ಲ, ಎಂಬಿಆರ್ ಅಂತ, ಅದರಲ್ಲಿ ಬೂಟ್ ಕೋಡಿಗೆ ಸಿಗೋದು 446 ಬೈಟ್, ಉಳಿದಿದ್ದು ಬಹುಪಾಲು ಪಾರ್ಟಿಷನ್ ಟೇಬಲ್ಲಿಗೆ. ಆ ಜಾಗ ಒಬ್ಬರಿಗೇ ಸಾಕಾಗೋದು, ಹಂಗಾಗಿ ಕೊನೆಗೆ ಯಾರು ಇನ್‌ಸ್ಟಾಲ್ ಆಗ್ತಾರೋ ಅವರು ಹಿಂದಿನವರ ಕೋಡ್ ಅಳಿಸಿ ತಮ್ಮದು ಬರೀತಿದ್ರು. "ಲಿನಕ್ಸ್ ಹಾಕಿದ್ರೆ ವಿಂಡೋಸ್ ಹೋಗತ್ತೆ" ಅನ್ನೋ ಮಾತು ಹುಟ್ಟಿದ್ದು ಆ ಕಾಲದಲ್ಲಿ, ಇವತ್ತಿಗೂ ಜನ ಅದನ್ನೇ ಹೇಳ್ತಾರೆ.

ಈಗ ಸಮಸ್ಯೆ ಬಂದಾಗ ಮೊದಲು ಮಾಡ್ಬೇಕಾದ ಕೆಲಸ ಏನಂದ್ರೆ, ಏನೂ ಒತ್ತದೆ ಸ್ಕ್ರೀನಲ್ಲಿ ಏನು ಬರೆದಿದೆ ಅಂತ ಓದೋದು, ಮೊಬೈಲಲ್ಲಿ ಒಂದು ಫೋಟೋ ತೆಗ್ದಿಟ್ಕೊಳೋದು. ಯಾವ ಹಂತದಲ್ಲಿ ನಿಂತಿದೆ ಅಂತ ಆ ಒಂದು ಸಾಲೇ ಹೇಳಿಬಿಡತ್ತೆ.

ತುಂಬಾ ಸಾಮಾನ್ಯವಾದ್ದು, ಉಬುಂಟು ಹಾಕಿದ್ದಾಯ್ತು, ರೀಸ್ಟಾರ್ಟ್ ಮಾಡಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸೀದಾ ವಿಂಡೋಸ್ ಬರತ್ತೆ. ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿರೋ ನನ್ನ ಚಿಕ್ಕಮ್ಮನ ಮಗಳಿಗೆ ಹಿಂಗೇ ಆಯ್ತು, "ಅಣ್ಣ, ಇನ್‌ಸ್ಟಾಲೇ ಆಗಿಲ್ಲ ಅನ್ಸತ್ತೆ, ಮತ್ತೆ ಮೊದಲಿಂದ ಹಾಕ್ಲಾ" ಅಂದ್ಳು. ಬೇಡ ತಡಿ, ಆಫ್ ಮಾಡಿ ಆನ್ ಮಾಡ್ತಾ ಬೂಟ್ ಮೆನು ತೆಗಿ ಅಂದೆ. ಡೆಲ್, ಲೆನೊವೊದಲ್ಲಿ ಅದು ಎಫ್12, ಎಚ್‌ಪಿಯಲ್ಲಿ ಎಫ್9, ಅಸುಸ್ ಲ್ಯಾಪ್‌ಟಾಪಲ್ಲಿ ಎಸ್ಕೇಪ್ ಕೀ, ಕೆಲವು ಐಡಿಯಾಪ್ಯಾಡ್‌ಗಳಲ್ಲಿ ಪಕ್ಕದಲ್ಲಿ ಪಿನ್ ಹಾಕಿ ಒತ್ತೋ ಪುಟ್ಟ ತೂತು ಇರತ್ತೆ. ಎಫ್ ಕೀಗಳು ವಾಲ್ಯೂಮ್, ಬ್ರೈಟ್‌ನೆಸ್ಸಿಗೆ ಸೆಟ್ ಆಗಿದ್ರೆ ಎಫ್ಎನ್ ಜೊತೆ ಹಿಡ್ಕೊಂಡು ಒತ್ಬೇಕಾಗತ್ತೆ. ಆ ಮೆನುವಲ್ಲಿ ನೋಡಿದ್ರೆ ಎರಡನೇ ಸಾಲಲ್ಲಿ ಉಬುಂಟು ಅಂತ ಆರಾಮಾಗಿ ಕೂತಿತ್ತು. ಎಂಟರ್ ಹೊಡೆದ್ಳು, ಗ್ರಬ್ ಬಂತು, ಉಬುಂಟು ಬಂತು. ಅಂದ್ರೆ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಮೇಲಿದೆ, ಉಬುಂಟು ಕೆಳಗಿದೆ, ಅಷ್ಟೇ ವಿಷಯ. ಬಯಾಸ್ ಸೆಟಪ್ಪಿಗೆ ಹೋಗಿ ಬೂಟ್ ಆರ್ಡರಲ್ಲಿ ಉಬುಂಟುನ ಮೇಲೆ ತಂದು ಸೇವ್ ಮಾಡಿದ್ರೆ ಮುಗೀತು. ಉಬುಂಟು ಒಳಗಿಂದನೂ ಆಗತ್ತೆ, ಟರ್ಮಿನಲಲ್ಲಿ ಇಎಫ್‌ಐಬೂಟ್‌ಎಂಜಿಆರ್ ಅಂತ ಹೊಡೆದ್ರೆ ಪೂರ್ತಿ ಪಟ್ಟಿ ನಂಬರ್ ಸಮೇತ ಕಾಣತ್ತೆ, ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸೋ ಪದ) ಜೊತೆ ಅದಕ್ಕೆ ಮೈನಸ್ ಓ ಸೇರಿಸಿ ನಂಬರ್‌ಗಳನ್ನ ನಮಗೆ ಬೇಕಾದ ಕ್ರಮದಲ್ಲಿ ಕಾಮಾ ಹಾಕಿ ಕೊಟ್ರೆ ಆರ್ಡರ್ ಬದಲಾಗತ್ತೆ.

ಆದ್ರೆ ಕೆಲವು ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್ ಮೊಂಡು. ನೀವು ಎಷ್ಟು ಸಲ ಬದಲಾಯಿಸಿದ್ರೂ ಮತ್ತೆ ವಿಂಡೋಸ್ ಬೂಟ್ ಮ್ಯಾನೇಜರನ್ನೇ ಮೇಲೆ ತಂದಿಟ್ಕೊಳತ್ತೆ. ಅಂಥದ್ರಲ್ಲಿ ವಿಂಡೋಸ್ ಒಳಗೆ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗ್ದು, ಬಿಸಿಡಿಎಡಿಟ್ ಮೂಲಕ ಬೂಟ್ ಮ್ಯಾನೇಜರಿನ ಪಾತ್ ಅನ್ನೇ ಉಬುಂಟು ಫೋಲ್ಡರಲ್ಲಿರೋ ಶಿಮ್ ಫೈಲ್ ಕಡೆ ತಿರುಗಿಸೋ ದಾರಿ ಇದೆ, ಅದು ಕೆಲಸ ಮಾಡತ್ತೆ. ಸೆಕ್ಯೂರ್ ಬೂಟ್, ಅಂದ್ರೆ ನಂಬಿಕಸ್ತ ಸಹಿ ಇರೋ ಫೈಲನ್ನ ಮಾತ್ರ ಫರ್ಮ್‌ವೇರ್ ಓಡಿಸೋ ವ್ಯವಸ್ಥೆ, ಆನ್ ಇದ್ರೆ ಸೀದಾ ಗ್ರಬ್ ಫೈಲ್ ಕೊಡ್ಬೇಡಿ, ಶಿಮ್ಮೇ ಕೊಡಿ, ಯಾಕಂದ್ರೆ ಫರ್ಮ್‌ವೇರ್ ನಂಬೋ ಸಹಿ ಇರೋದು ಶಿಮ್ ಮೇಲೆ.

ಇದಕ್ಕೆ ಉಲ್ಟಾ ಕೇಸು, ಉಬುಂಟು ಚೆನ್ನಾಗಿ ಬರತ್ತೆ, ಗ್ರಬ್ ಮೆನುವಲ್ಲಿ ವಿಂಡೋಸ್ ಹೆಸರೇ ಇಲ್ಲ. ಜನ ಇಲ್ಲಿ ತುಂಬಾ ಹೆದರ್ತಾರೆ. ಕಾರಣ ಸರಳ, 2021ರಲ್ಲಿ ಗ್ರಬ್ 2.06 ಬಂದಾಗಿಂದ ಬೇರೆ ಓಎಸ್‌ಗಳನ್ನ ಹುಡುಕೋ ಓಎಸ್-ಪ್ರೋಬರ್ ಅನ್ನೋ ಸಾಧನವನ್ನ ಸೆಕ್ಯೂರಿಟಿ ಕಾರಣಕ್ಕೆ ಡೀಫಾಲ್ಟಾಗಿ ಆಫ್ ಮಾಡಿಟ್ಟಿದಾರೆ. ಇಟಿಸಿ ಫೋಲ್ಡರಿನ ಡೀಫಾಲ್ಟ್ ಒಳಗೆ ಗ್ರಬ್ ಅನ್ನೋ ಫೈಲ್ ಇದೆ, ಅದರಲ್ಲಿ ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್ ಅನ್ನೋ ಸಾಲಿಗೆ ಫಾಲ್ಸ್ ಅಂತ ಕೊಟ್ಟು, ಮುಂದೆ ಹ್ಯಾಷ್ ಗುರುತು ಇದ್ರೆ ತೆಗ್ದು, ಸುಡೋ ಅಪ್‌ಡೇಟ್-ಗ್ರಬ್ ಓಡಿಸಿ. "ಫೌಂಡ್ ವಿಂಡೋಸ್ ಬೂಟ್ ಮ್ಯಾನೇಜರ್" ಅಂತ ಒಂದು ಸಾಲು ಬರತ್ತೆ, ಆ ಸಾಲು ನೋಡಿದಾಗ ಆಗೋ ಸಮಾಧಾನ ಅನುಭವಿಸಿದವರಿಗೇ ಗೊತ್ತು.

ಆ ಸಾಲು ಬರದೇ ಇದ್ರೆ ಇನ್ನೊಂದು ಸಾಧ್ಯತೆ ನೋಡಿ, ವಿಂಡೋಸ್ ಯುಇಎಫ್‌ಐ ಮೋಡಲ್ಲಿ ಇದೆ, ನೀವು ಲಿನಕ್ಸ್ ಪೆನ್‌ಡ್ರೈವನ್ನ ಲೆಗಸಿ ಮೋಡಲ್ಲಿ, ಅಂದ್ರೆ ಹಳೇ ಬಯಾಸ್ ಪದ್ಧತಿಯಲ್ಲಿ, ಬೂಟ್ ಮಾಡಿ ಹಾಕಿದೀರ. ಬೂಟ್ ಮೆನುವಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣತ್ತೆ, ಒಂದರ ಮುಂದೆ ಯುಇಎಫ್‌ಐ ಅಂತ ಇರತ್ತೆ, ಇನ್ನೊಂದು ಬರೀ ಪೆನ್‌ಡ್ರೈವಿನ ಹೆಸರು. ಯಾವುದಾದ್ರೇನು ಅಂತ ಎರಡನೇದು ಒತ್ತಿದ್ರೆ ಹಿಂಗಾಗತ್ತೆ, ಒಂದು ಮೋಡಲ್ಲಿ ಎದ್ದ ಗ್ರಬ್ ಇನ್ನೊಂದು ಮೋಡಲ್ಲಿರೋ ವಿಂಡೋಸನ್ನ ಎಬ್ಬಿಸೋಕಾಗಲ್ಲ. ವಿಂಡೋಸಲ್ಲಿ ಸಿಸ್ಟಮ್ ಇನ್ಫರ್ಮೇಷನ್ ತೆಗೆದ್ರೆ ಬಯಾಸ್ ಮೋಡ್ ಅಂತ ಒಂದು ಸಾಲು ಇದೆ, ಮೊದಲು ಅದನ್ನ ನೋಡ್ಕೊಂಡು, ಲಿನಕ್ಸೂ ಅದೇ ಮೋಡಲ್ಲಿ ಹಾಕಿ. ಲೈವ್ ಪೆನ್‌ಡ್ರೈವಲ್ಲಿ (ಇನ್‌ಸ್ಟಾಲ್ ಮಾಡದೇನೇ ಪೆನ್‌ಡ್ರೈವಿಂದ ಓಡೋ ಲಿನಕ್ಸಲ್ಲಿ) ಕೂತಿದ್ರೆ ಸಿಸ್ ಫೋಲ್ಡರೊಳಗೆ ಫರ್ಮ್‌ವೇರ್, ಅದರೊಳಗೆ ಇಎಫ್‌ಐ ಅನ್ನೋ ಫೋಲ್ಡರ್ ಇದೆಯಾ ನೋಡಿ, ಇದ್ರೆ ನೀವು ಯುಇಎಫ್‌ಐ ಮೋಡಲ್ಲಿ ಇದೀರ.

ಇನ್ನು ಕಪ್ಪು ಸ್ಕ್ರೀನು, ಬಿಳೀ ಅಕ್ಷರ. ಇಲ್ಲಿ ಎರಡು ಥರ ಇದೆ, ಎರಡನ್ನೂ ಒಂದೇ ಅಂದ್ಕೋಬೇಡಿ. ಬರೀ "ಗ್ರಬ್" ಅಂತ ಬಂದು ಮುಂದೆ ಕರ್ಸರ್ ಮಿಣುಕ್ತಿದ್ರೆ ಗ್ರಬ್ ಪೂರ್ತಿ ಎದ್ದಿದೆ, ಅದಕ್ಕೆ ಮೆನು ಫೈಲ್ ಮಾತ್ರ ಸಿಕ್ಕಿಲ್ಲ ಅಂತರ್ಥ. ಲಿನಕ್ಸ್ ಬೇಡ ಅಂತ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ಆ ಪಾರ್ಟಿಷನ್ ಡಿಲೀಟ್ ಮಾಡಿದವರಿಗೆ ಸಾಮಾನ್ಯವಾಗಿ ಇದೇ ಬರತ್ತೆ, ಯಾಕಂದ್ರೆ ಇಎಸ್‌ಪಿಯಲ್ಲಿ ಉಬುಂಟು ಫೋಲ್ಡರೂ ಫರ್ಮ್‌ವೇರ್ ಪಟ್ಟಿಯಲ್ಲಿ ಹೆಸರೂ ಹಂಗೇ ಉಳಿದಿರತ್ತೆ. ಯುಇಎಫ್‌ಐ ಮಷಿನಾದ್ರೆ ಅಲ್ಲಿ ಎಕ್ಸಿಟ್ ಅಂತ ಟೈಪ್ ಮಾಡಿ ಎಂಟರ್ ಹೊಡೀರಿ, ಫರ್ಮ್‌ವೇರ್ ಪಟ್ಟಿಯ ಮುಂದಿನ ಹೆಸರಿಗೆ ಹೋಗತ್ತೆ, ಸಾಮಾನ್ಯವಾಗಿ ವಿಂಡೋಸ್ ಬಂದ್ಬಿಡತ್ತೆ. ಆಮೇಲೆ ಬಯಾಸಲ್ಲಿ ವಿಂಡೋಸನ್ನ ಮೇಲೆ ತಂದಿಟ್ರೆ ಆಯ್ತು.

"ಗ್ರಬ್ ರೆಸ್ಕ್ಯೂ" ಅಂತ ಇದ್ರೆ ಅದು ಬೇರೆ, ಸ್ವಲ್ಪ ಆಳದ್ದು. ಇದನ್ನ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಜನ ಫಾರ್ಮ್ಯಾಟ್ ಮಾಡಿಸ್ಕೊಳೋದು ಇದನ್ನ ನೋಡೇ. ಅರಸೀಕೆರೆ ಕಡೆ ನಮಗೆ ಗೊತ್ತಿರೋ ಒಬ್ಬರು ರಿಟೈರ್ಡ್ ಮೇಷ್ಟ್ರು ಇದಾರೆ, ಊರೂರಿಗೆ ಹೋಗಿ ಸೋಬಾನೆ ಪದ, ಬೀಸೋ ಪದ ಎಲ್ಲಾ ರೆಕಾರ್ಡ್ ಮಾಡ್ಕೊಂಡು ಬಂದು ಅದನ್ನ ಬರ್ದಿಡೋ ಅಭ್ಯಾಸ. ಅವರದ್ದು ಹಳೇ ಲೆಗಸಿ ಲ್ಯಾಪ್‌ಟಾಪ್, ಎಂಬಿಆರ್ ಡಿಸ್ಕು, ವಿಂಡೋಸ್ 10 ಜೊತೆ ಮಿಂಟ್. ಮನೆಗೆ ಬಂದ ಮೊಮ್ಮಗ ವಿಂಡೋಸಲ್ಲಿ ಖಾಲಿ ಬಿದ್ದಿದ್ದ ಜಾಗದಲ್ಲಿ ಒಂದು ಹೊಸ ಡ್ರೈವ್ ಮಾಡಿಕೊಟ್ಟಿದಾನೆ, ಮಾರನೇ ದಿನ ಆನ್ ಮಾಡಿದ್ರೆ "ಅನ್‌ನೋನ್ ಫೈಲ್‌ಸಿಸ್ಟಮ್", ಕೆಳಗೆ ಗ್ರಬ್ ರೆಸ್ಕ್ಯೂ. "ನೋಡಪ್ಪ, ಅಂಗಡಿಯವ್ರು ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು ಅಂತಿದಾರೆ, ಪದಗಳೆಲ್ಲ ಅದರಲ್ಲೇ ಇದಾವೆ" ಅಂದ್ರು. ಅಲ್ಲೇ ಇರ್ಲಿ ಮೇಷ್ಟ್ರೇ, ಯಾರಿಗೂ ಕೊಡ್ಬೇಡಿ, ನಾನೇ ಬರ್ತೀನಿ ಅಂದೆ.

ಅಲ್ಲಿ ಆಗಿದ್ದು ಏನಂದ್ರೆ, ಲೆಗಸಿ ಮಷಿನಲ್ಲಿ ಗ್ರಬ್‌ನ ಮೊದಲ ತುಂಡು ತನ್ನ ಉಳಿದ ಭಾಗ ಎಷ್ಟನೇ ನಂಬರ್ ಪಾರ್ಟಿಷನಲ್ಲಿದೆ ಅಂತ ಬರ್ದಿಟ್ಕೊಂಡಿರತ್ತೆ. ನಡುವೆ ಹೊಸ ಲಾಜಿಕಲ್ ಪಾರ್ಟಿಷನ್ ಬಂದಾಗ ನಂಬರ್ ಬದಲಾಗಿಬಿಡತ್ತೆ, 6 ಇದ್ದದ್ದು 7 ಆಗಿತ್ತು. ಗ್ರಬ್ 6ನ್ನ ಹುಡುಕ್ತಿದೆ, ಅಲ್ಲಿ ಅದರ ಫೈಲ್ ಇಲ್ಲ. ರೆಸ್ಕ್ಯೂ ಮೋಡಲ್ಲಿ ಕೈಗೆ ಸಿಗೋ ಕಮಾಂಡ್ ತುಂಬಾ ಕಮ್ಮಿ, ಎಲ್ಎಸ್, ಸೆಟ್, ಅನ್‌ಸೆಟ್, ಇನ್ಸ್‌ಮಾಡ್ ಇಷ್ಟೇ, ಆದ್ರೆ ಇಷ್ಟೇ ಸಾಕು. ಎಲ್ಎಸ್ ಅಂತ ಹೊಡೆದ್ರೆ ಡಿಸ್ಕೂ ಪಾರ್ಟಿಷನ್‌ಗಳೂ ಬ್ರ್ಯಾಕೆಟ್ ಒಳಗೆ ಸಾಲಾಗಿ ಬರ್ತಾವೆ, ಎಚ್‌ಡಿ0 ಕಾಮಾ ಎಂಎಸ್‌ಡಾಸ್7, ಎಂಎಸ್‌ಡಾಸ್6 ಹಿಂಗೆ. ಒಂದೊಂದಕ್ಕೂ ಎಲ್ಎಸ್ ಮುಂದೆ ಆ ಬ್ರ್ಯಾಕೆಟ್ ಪೂರ್ತಿ ಬರ್ದು ಕೊನೆಗೆ ಸ್ಲ್ಯಾಶ್ ಹಾಕಿ ನೋಡ್ಬೇಕು. ವಿಂಡೋಸಿನ ಪಾರ್ಟಿಷನ್‌ಗಳಿಗೆ "ಅನ್‌ನೋನ್ ಫೈಲ್‌ಸಿಸ್ಟಮ್" ಅಂತ ಬರತ್ತೆ, ಅದನ್ನ ನೋಡಿ ಡಿಸ್ಕ್ ಹಾಳಾಗಿದೆ ಅಂದ್ಕೋಬೇಡಿ, ಆ ಹಂತದಲ್ಲಿ ಗ್ರಬ್‌ಗೆ ವಿಂಡೋಸಿನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಓದೋಕೆ ಬರಲ್ಲ ಅಷ್ಟೇ. 7ಕ್ಕೆ ಕೇಳಿದಾಗ ಬೂಟ್, ಹೋಮ್, ಇಟಿಸಿ ಅಂತ ಫೋಲ್ಡರ್ ಹೆಸರುಗಳು ಸಾಲಾಗಿ ಬಂತು, ಮೇಷ್ಟ್ರು ಪಕ್ಕದಲ್ಲೇ ಕನ್ನಡಕ ಹಾಕ್ಕೊಂಡು ನೋಡ್ತಿದ್ರು, "ಹೋಮ್ ಅಂದ್ರೆ ನಂದೇನಪ್ಪ?" ಅಂದ್ರು. ಹೌದು ಮೇಷ್ಟ್ರೇ ನಿಮ್ದೇ ಅಂದೆ.

ಆಮೇಲಿಂದು ನಾಲ್ಕೇ ಸಾಲು. ಸೆಟ್ ರೂಟ್ ಈಕ್ವಲ್ ಟು ಅಂತ ಹಾಕಿ ಆ ಬ್ರ್ಯಾಕೆಟ್, ಸೆಟ್ ಪ್ರಿಫಿಕ್ಸ್ ಈಕ್ವಲ್ ಟು ಅದೇ ಬ್ರ್ಯಾಕೆಟ್ ಜೊತೆಗೆ ಸ್ಲ್ಯಾಶ್ ಬೂಟ್ ಸ್ಲ್ಯಾಶ್ ಗ್ರಬ್, ಇನ್ಸ್‌ಮಾಡ್ ನಾರ್ಮಲ್, ಕೊನೆಗೆ ಬರೀ ನಾರ್ಮಲ್. ಈಕ್ವಲ್ ಗುರುತಿನ ಆಚೆ ಈಚೆ ಸ್ಪೇಸ್ ಬರಬಾರದು, ಅದೊಂದು ನೋಡ್ಕೊಳಿ. ಎಂಟರ್ ಹೊಡೆದ ತಕ್ಷಣ ಹಳೇ ಮೆನು ಬಂತು, ಮಿಂಟ್ ಬಂತು, ಪದಗಳೆಲ್ಲ ಇದ್ದ ಹಾಗೇ ಇದ್ವು. ಇಲ್ಲಿಗೆ ಕೆಲಸ ಮುಗೀಲಿಲ್ಲ, ಇದು ಆ ಒಂದು ಸಲಕ್ಕೆ ಮಾತ್ರ, ಆಫ್ ಮಾಡಿದ್ರೆ ಮತ್ತೆ ಅದೇ ಕಥೆ, ಹಂಗಾಗಿ ಒಳಗೆ ಹೋದ ಕೂಡ್ಲೇ ಸುಡೋ ಗ್ರಬ್-ಇನ್‌ಸ್ಟಾಲ್ ಮುಂದೆ ಡಿಸ್ಕಿನ ಹೆಸರು ಕೊಟ್ಟು, ಪಾರ್ಟಿಷನ್ ನಂಬರ್ ಇಲ್ಲದೆ ಇಡೀ ಡಿಸ್ಕಿನ ಹೆಸರು, ಆಮೇಲೆ ಅಪ್‌ಡೇಟ್-ಗ್ರಬ್ ಮಾಡಿ ಹೊಸ ನಂಬರ್ ಬರೆಸಬೇಕು. ಅದಕ್ಕೂ ಮುಂಚೆ ಮೇಷ್ಟ್ರ ರೆಕಾರ್ಡಿಂಗ್ ಎಲ್ಲಾ ಒಂದು ಹೊರಗಿನ ಡಿಸ್ಕಿಗೆ ಕಾಪಿ ಮಾಡಿಟ್ವಿ.

ಈ ಥರ ಟೈಪ್ ಮಾಡೋ ಧೈರ್ಯ ಇಲ್ಲದವರು ಲೈವ್ ಪೆನ್‌ಡ್ರೈವಿಂದ ಉಬುಂಟು ಎಬ್ಬಿಸಿ ಬೂಟ್-ರಿಪೇರ್ ಅನ್ನೋ ಟೂಲ್ ಹಾಕ್ಕೊಳಿ, ಅದರಲ್ಲಿ ರೆಕಮೆಂಡೆಡ್ ರಿಪೇರ್ ಅಂತ ಒಂದು ದೊಡ್ಡ ಬಟನ್ ಇದೆ, ಹೆಚ್ಚಿನ ಕೇಸ್‌ಗಳನ್ನ ಅದೇ ಸರಿ ಮಾಡತ್ತೆ. ಪೆನ್‌ಡ್ರೈವ್ ಎಬ್ಬಿಸಿದಾಗ ಇನ್‌ಸ್ಟಾಲ್ ಅಲ್ಲ, ಟ್ರೈ ಉಬುಂಟು ಆರಿಸ್ಬೇಕು. ಇನ್ನೊಂದು ದೊಡ್ಡ ಉಪಕಾರ ಏನಂದ್ರೆ, ಆ ಲೈವ್ ಸೆಷನಲ್ಲಿ ಫೈಲ್ ಮ್ಯಾನೇಜರ್ ತೆಗೆದ್ರೆ ವಿಂಡೋಸ್ ಡ್ರೈವ್ ಕೂಡ ಕಾಣತ್ತೆ, ಬಿಟ್‌ಲಾಕರ್ ಅನ್ನೋ ವಿಂಡೋಸಿನ ಡಿಸ್ಕ್ ಲಾಕ್ ಹಾಕಿಲ್ದೇ ಇದ್ರೆ ಮದುವೆ ಫೋಟೋನೂ ಪ್ರಾಜೆಕ್ಟ್ ರಿಪೋರ್ಟೂ ಇನ್ನೊಂದು ಡಿಸ್ಕಿಗೆ ಎಳ್ಕೊಂಡು ಆಮೇಲೆ ಸಮಾಧಾನವಾಗಿ ರಿಪೇರಿಗೆ ಕೂರಬಹುದು.

ಇದಕ್ಕಿಂತ ಸ್ವಲ್ಪ ಗಂಭೀರವಾದ್ದು, ಇನ್‌ಸ್ಟಾಲ್ ಮಾಡುವಾಗ ಕೈಯಾರೆ ಪಾರ್ಟಿಷನ್ ಮಾಡ್ತಾ ಇಎಸ್‌ಪಿಗೂ ಫಾರ್ಮ್ಯಾಟ್ ಟಿಕ್ ಬಿದ್ದಿರೋದು. ಪರಿಚಯದ ಒಬ್ಬರ ಡಿಟಿಪಿ ಅಂಗಡಿಯ ಕಂಪ್ಯೂಟರಿಗೆ ಹಿಂಗಾಗಿತ್ತು. ವಿಂಡೋಸ್ ಬೂಟ್ ಮ್ಯಾನೇಜರ್ ಪಟ್ಟಿಯಿಂದನೇ ಮಾಯ, ಅಪ್‌ಡೇಟ್-ಗ್ರಬ್‌ಗೂ ಸಿಗಲ್ಲ, ಯಾಕಂದ್ರೆ ಇಎಸ್‌ಪಿಯಲ್ಲಿ ಮೈಕ್ರೋಸಾಫ್ಟ್ ಫೋಲ್ಡರೇ ಇಲ್ಲ. ಅಂಗಡಿಯಲ್ಲಿ ಲಗ್ನಪತ್ರಿಕೆ ಸೀಸನ್ನು, ಎಲ್ಲಾ ಡಿಸೈನ್ ಒಳಗೆ. ಆದ್ರೂ ಸಿ ಡ್ರೈವ್ ಮುಟ್ಟಿಲ್ಲ, ಇದೊಂದು ಫೋಲ್ಡರನ್ನ ವಿಂಡೋಸೇ ಹೊಸದಾಗಿ ಮಾಡಿಕೊಡತ್ತೆ. ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತದೆ ರಿಪೇರ್ ಯುವರ್ ಕಂಪ್ಯೂಟರ್, ಟ್ರಬಲ್‌ಶೂಟ್, ಕಮಾಂಡ್ ಪ್ರಾಂಪ್ಟ್ ಹೀಗೆ ಹೋಗಿ. ಡಿಸ್ಕ್‌ಪಾರ್ಟ್ ಓಡಿಸಿ ಲಿಸ್ಟ್ ವಾಲ್ಯೂಮ್ ಅಂದ್ರೆ ಎಲ್ಲಾ ಕಾಣತ್ತೆ, ಅದರಲ್ಲಿ ಫ್ಯಾಟ್32 ಇರೋ ಚಿಕ್ಕದು ಇಎಸ್‌ಪಿ. ಪೆನ್‌ಡ್ರೈವೂ ಫ್ಯಾಟ್32 ಇರತ್ತೆ, ಸೈಜ್ ನೋಡಿ ಗುರುತು ಹಿಡೀರಿ. ಸೆಲೆಕ್ಟ್ ವಾಲ್ಯೂಮ್ ಅದರ ನಂಬರ್, ಅಸೈನ್ ಲೆಟರ್ ಈಕ್ವಲ್ ಟು ಎಸ್, ಎಕ್ಸಿಟ್. ಈಗ ಬಿಸಿಡಿಬೂಟ್ ಅಂತ ಬರ್ದು ಸ್ಪೇಸ್ ಬಿಟ್ಟು ವಿಂಡೋಸ್ ಫೋಲ್ಡರಿನ ಪೂರ್ತಿ ಪಾತ್, ಸ್ಪೇಸ್, ಸ್ಲ್ಯಾಶ್ ಎಸ್, ಸ್ಪೇಸ್, ಎಸ್ ಕೋಲನ್, ಸ್ಪೇಸ್, ಸ್ಲ್ಯಾಶ್ ಎಫ್, ಸ್ಪೇಸ್, ಯುಇಎಫ್‌ಐ. ಇಲ್ಲಿ ಒಂದು ಎಚ್ಚರಿಕೆ, ಈ ರಿಪೇರಿ ಸ್ಕ್ರೀನಲ್ಲಿ ನಿಮ್ಮ ಸಿ ಡ್ರೈವ್ ಸಿ ಅಂತಲೇ ಇರ್ಬೇಕು ಅಂತೇನಿಲ್ಲ, ಡಿ ಅಂತನೂ ಇ ಅಂತನೂ ಬಂದಿರತ್ತೆ, ಡಿಐಆರ್ ಹೊಡೆದು ವಿಂಡೋಸ್, ಯೂಸರ್ಸ್ ಫೋಲ್ಡರ್ ಯಾವುದರಲ್ಲಿದೆ ಅಂತ ನೋಡಿ ಆ ಅಕ್ಷರ ಕೊಡಿ. "ಬೂಟ್ ಫೈಲ್ಸ್ ಸಕ್ಸೆಸ್‌ಫುಲಿ ಕ್ರಿಯೇಟೆಡ್" ಅಂತ ಬಂದ್ರೆ ವಿಂಡೋಸ್ ವಾಪಸ್. ಆಮೇಲೆ ಬೂಟ್ ಮೆನುವಿಂದ ಉಬುಂಟುಗೆ ಹೋಗಿ ಅಪ್‌ಡೇಟ್-ಗ್ರಬ್ ಮಾಡಿದ್ರೆ ಎರಡೂ ಮೆನುವಲ್ಲಿ ಬರ್ತಾವೆ.

ಹೊಸ ಇಂಟೆಲ್ ಲ್ಯಾಪ್‌ಟಾಪ್ ಇರೋರು ಇದನ್ನ ಓದಿ. ಉಬುಂಟು ಇನ್‌ಸ್ಟಾಲರಿಗೆ ಡಿಸ್ಕೇ ಕಾಣಲ್ಲ, ಅಥವಾ ಆರ್‌ಎಸ್‌ಟಿ (ಡಿಸ್ಕ್ ನಡೆಸೋ ಇಂಟೆಲ್‌ನ ವಿಧಾನ) ಆಫ್ ಮಾಡಿ ಅಂತ ಹೇಳತ್ತೆ. ನೀವು ಬಯಾಸಿಗೆ ಹೋಗಿ ಆರ್‌ಎಸ್‌ಟಿನೋ ಅದೇ ಥರದ ವಿಎಂಡಿನೋ ಆಫ್ ಮಾಡಿ ಎಎಚ್‌ಸಿಐ ಅನ್ನೋ ಸಾಮಾನ್ಯ ವಿಧಾನಕ್ಕೆ ಬದಲಾಯಿಸ್ತೀರ, ಉಬುಂಟು ಹಾಕ್ತೀರ, ವಿಂಡೋಸ್ ಎಬ್ಬಿಸಿದ್ರೆ ನೀಲಿ ಸ್ಕ್ರೀನು, "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್". ವಿಂಡೋಸ್ ಹಾಳಾಗಿಲ್ಲ, ಡಿಸ್ಕ್ ಮಾತಾಡೋ ರೀತಿ ಬದಲಾಗಿದೆ, ಅದಕ್ಕೆ ಬೇಕಾದ ಡ್ರೈವರನ್ನ ಅದು ಲೋಡ್ ಮಾಡ್ತಿಲ್ಲ. ಬಯಾಸಲ್ಲಿ ಮೊದಲಿನ ಹಾಗೆ ಮಾಡಿ, ವಿಂಡೋಸಿಗೆ ಹೋಗಿ, ಅಡ್ಮಿನ್ ಕಮಾಂಡ್ ಪ್ರಾಂಪ್ಟಲ್ಲಿ ಬಿಸಿಡಿಎಡಿಟಿನಿಂದ ಸೇಫ್‌ಬೂಟ್ ಮಿನಿಮಲ್ ಸೆಟ್ ಮಾಡಿ, ರೀಸ್ಟಾರ್ಟ್ ಆಗುವಾಗಲೇ ಬಯಾಸಿಗೆ ನುಗ್ಗಿ ಎಎಚ್‌ಸಿಐ ಮಾಡಿ. ಸೇಫ್ ಮೋಡಲ್ಲಿ ಎದ್ದಾಗ ವಿಂಡೋಸ್ ಆ ಡ್ರೈವರನ್ನ ತಾನೇ ಹಿಡ್ಕೊಳತ್ತೆ, ಆಮೇಲೆ ಸೇಫ್‌ಬೂಟ್ ಸೆಟ್ಟಿಂಗ್ ತೆಗ್ದು ರೀಸ್ಟಾರ್ಟ್ ಕೊಟ್ರೆ ಮಾಮೂಲಿ. ಸೇಫ್ ಮೋಡಲ್ಲಿ ಪಿನ್ ಕೆಲವು ಸಲ ನಡೆಯಲ್ಲ, ಅಕೌಂಟ್ ಪಾಸ್‌ವರ್ಡ್ ನೆನಪಿದೆಯಾ ಅಂತ ಮೊದಲೇ ನೋಡ್ಕೊಳಿ.

ಮತ್ತೆ ಬಿಟ್‌ಲಾಕರ್. ಇಷ್ಟೊತ್ತು ಡೇಟಾ ಹೋಗಲ್ಲ ಹೋಗಲ್ಲ ಅಂತ ಹೇಳಿದ್ನಲ್ಲ, ಅದಕ್ಕೆ ಅಪವಾದ ಇದು, ದಯವಿಟ್ಟು ಇದನ್ನ ಗಂಭೀರವಾಗಿ ತಗೊಳಿ. ವಿಂಡೋಸ್ 11ರ 24ಎಚ್2ರಿಂದ ಮೈಕ್ರೋಸಾಫ್ಟ್ ಅಕೌಂಟಲ್ಲಿ ಹೊಸದಾಗಿ ಸೆಟಪ್ ಮಾಡಿದ ಮಷಿನ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅನ್ನೋ ಹೆಸರಲ್ಲಿ ಬಿಟ್‌ಲಾಕರ್ ಡೀಫಾಲ್ಟಾಗಿ ಆನ್ ಆಗತ್ತೆ, ಎಷ್ಟೋ ಜನರಿಗೆ ತಮ್ಮ ಡಿಸ್ಕ್ ಲಾಕ್ ಆಗಿದೆ ಅಂತಾನೇ ಗೊತ್ತಿರಲ್ಲ. ಸೆಕ್ಯೂರ್ ಬೂಟ್ ಮುಟ್ಟಿದ್ರೆ, ವಿಎಂಡಿ ಬದಲಾಯಿಸಿದ್ರೆ, ಕೆಲವು ಸಲ ವಿಂಡೋಸನ್ನ ಗ್ರಬ್ ಮೂಲಕ ಎಬ್ಬಿಸಿದ್ರೂ ಸಾಕು, 48 ಅಂಕಿಯ ರಿಕವರಿ ಕೀ ಕೇಳೋ ನೀಲಿ ಸ್ಕ್ರೀನ್ ಬರತ್ತೆ. ಕೀ ಇದ್ರೆ ಒಂದು ಸಲ ಟೈಪ್ ಮಾಡಿದ್ರೆ ಮುಗೀತು. ಇಲ್ಲದೇ ಇದ್ರೆ ಆ ಡಿಸ್ಕನ್ನ ಯಾರೂ ತೆರೆಯೋಕಾಗಲ್ಲ, ನಾನೂ ಅಲ್ಲ, ದುಡ್ಡು ತಗೊಂಡು ತೆಗ್ದುಕೊಡ್ತೀನಿ ಅನ್ನೋರೂ ಅಲ್ಲ. ಹಂಗಾಗಿ ಎರಡನೇ ಓಎಸ್ ಹಾಕೋಕೆ ಮುಂಚೆ, ಪೆನ್‌ಡ್ರೈವ್ ಕೈಗೆ ತಗೊಳೋಕೂ ಮುಂಚೆ, ಮೊಬೈಲಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ ಡಿವೈಸಸ್ ಕೆಳಗೆ ರಿಕವರಿ ಕೀ ಇದೆಯಾ ನೋಡಿ, ಒಂದು ಪೇಪರಲ್ಲಿ ಬರ್ದು ಬೀರುವಲ್ಲಿಡಿ. ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪಲ್ಲಿ ಸೇವ್ ಮಾಡಿದ್ರೆ ಪ್ರಯೋಜನ ಇಲ್ಲ. ಬಯಾಸ್ ಮುಟ್ಟೋ ಕೆಲಸ ಇದ್ರೆ ವಿಂಡೋಸ್ ಒಳಗೆ ಬಿಟ್‌ಲಾಕರನ್ನ ಸಸ್ಪೆಂಡ್ ಮಾಡ್ಕೊಂಡು ಹೋಗಿ.

ಎಲ್ಲಾ ಸರಿಯಾಗಿ ನಡೀತಿದ್ದು ಒಂದು ದಿನ ಅಪ್‌ಡೇಟ್ ಆದ್ಮೇಲೆ ಲಿನಕ್ಸ್ ಏಳದೇ ಇರೋದೂ ಉಂಟು. 2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ನೆನಪಿರಬಹುದು, ಗ್ರಬ್‌ನ ಒಂದು ಹಳೇ ದೋಷ ಮುಚ್ಚೋಕೆ ಅಂತ ಎಸ್‌ಬಿಎಟಿ ಅನ್ನೋ ಸೆಕ್ಯೂರ್ ಬೂಟ್ ಪಟ್ಟಿಯನ್ನ ಬದಲಾಯಿಸಿತ್ತು. ಡ್ಯುಯಲ್ ಬೂಟ್ ಮಷಿನ್‌ಗಳಿಗೆ ಇದು ಅನ್ವಯ ಆಗಲ್ಲ ಅಂತ ಮೈಕ್ರೋಸಾಫ್ಟ್ ಹೇಳಿದ್ರೂ ಕೆಲವು ಮಷಿನ್‌ಗಳನ್ನ ಅದು ಡ್ಯುಯಲ್ ಬೂಟ್ ಅಂತ ಗುರುತು ಹಿಡೀಲಿಲ್ಲ, ಹಳೇ ಶಿಮ್ ಇದ್ದ ಲಿನಕ್ಸ್‌ಗಳೆಲ್ಲ "ಸಮ್‌ಥಿಂಗ್ ಹ್ಯಾಸ್ ಗಾನ್ ಸೀರಿಯಸ್ಲಿ ರಾಂಗ್" ಅಂತ ತೋರ್ಸಿ ಆಫ್ ಆಗ್ಬಿಡ್ತಿದ್ವು. ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸಿಗೆ ಹೋಗಿ, ಎಂಒಕೆಯುಟಿಲ್ ಮೂಲಕ ಎಸ್‌ಬಿಎಟಿ ಪಾಲಿಸಿ ಡಿಲೀಟ್ ಕೊಟ್ಟು, ಒಂದು ಸಲ ಲಿನಕ್ಸನ್ನೇ ರೀಸ್ಟಾರ್ಟ್ ಮಾಡಿ, ಆಮೇಲೆ ಸೆಕ್ಯೂರ್ ಬೂಟ್ ಆನ್ ಮಾಡಿದ್ರೆ ಸರಿ ಹೋಗ್ತಿತ್ತು. ನಾನಂತೂ ಹೇಳೋದು, ಲಿನಕ್ಸ್ ಕಡೆ ಅಪ್‌ಡೇಟ್‌ಗಳನ್ನ ತಿಂಗಳುಗಟ್ಲೆ ಬಿಡ್ಬೇಡಿ, ಶಿಮ್ ಹೊಸದಿದ್ರೆ ಇಂಥ ತೊಂದ್ರೆ ಕಮ್ಮಿ.

ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರೋ ಕೆಲವರಿಗೆ ಗ್ರಬ್ ಬರತ್ತೆ, ಉಬುಂಟು ಆರಿಸಿದ್ರೆ ಸ್ಕ್ರೀನ್ ಪೂರ್ತಿ ಕಪ್ಪು. ಮೆನುವಲ್ಲಿ ಉಬುಂಟು ಸಾಲಿನ ಮೇಲೆ ನಿಂತು ಇ ಒತ್ತಿ, ಲಿನಕ್ಸ್ ಅಂತ ಶುರುವಾಗೋ ಸಾಲಿನ ಕೊನೆಗೆ ಕ್ವಯಟ್ ಸ್ಪ್ಲ್ಯಾಶ್ ಆದ್ಮೇಲೆ ನೋಮೋಡ್‌ಸೆಟ್ ಅಂತ ಸೇರಿಸಿ ಎಫ್10 ಒತ್ತಿ. ಒಳಗೆ ಹೋಗಿ ಅಡಿಷನಲ್ ಡ್ರೈವರ್ಸ್‌ನಿಂದ ಡ್ರೈವರ್ ಹಾಕ್ಕೊಳಿ. ಸೆಕ್ಯೂರ್ ಬೂಟ್ ಆನ್ ಇದ್ರೆ ಅದು ಒಂದು ಪಾಸ್‌ವರ್ಡ್ ಕೇಳತ್ತೆ, ರೀಸ್ಟಾರ್ಟ್ ಆದಾಗ ಎಂಒಕೆ (ನಾವೇ ಒಪ್ಪಿ ಸೇರಿಸೋ ಸೆಕ್ಯೂರ್ ಬೂಟ್ ಕೀ) ಮ್ಯಾನೇಜ್‌ಮೆಂಟ್ ಅಂತ ನೀಲಿ ಸ್ಕ್ರೀನ್ ಸ್ವಲ್ಪ ಹೊತ್ತು ಮಾತ್ರ ಇರತ್ತೆ, ಆಗ ಯಾವುದಾದ್ರೂ ಕೀ ಒತ್ತಿ, ಎನ್‌ರೋಲ್ ಎಂಒಕೆ ಆರಿಸಿ ಅದೇ ಪಾಸ್‌ವರ್ಡ್ ಕೊಡ್ಬೇಕು. ಇದೇನೋ ವೈರಸ್ ಅಂತ ಸುಮ್ನಿದ್ರೆ ಅದು ಮುಂದೆ ಹೋಗ್ಬಿಡತ್ತೆ, ಡ್ರೈವರ್ ಲೋಡ್ ಆಗಲ್ಲ.

ಕೊನೆಗೆ ಎರಡು ಸಣ್ಣವು. ಲಿನಕ್ಸಿಂದ ವಿಂಡೋಸ್ ಡ್ರೈವಿಗೆ ಏನೂ ಬರೆಯೋಕಾಗ್ತಿಲ್ಲ, ಓದೋಕೆ ಮಾತ್ರ ಬಿಡ್ತಿದೆ ಅಂದ್ರೆ ಫಾಸ್ಟ್ ಸ್ಟಾರ್ಟಪ್ ಕಾರಣ. ವಿಂಡೋಸ್ 8ರಿಂದ ಬಂದಿರೋ ಇದು ಶಟ್‌ಡೌನ್ ಕೊಟ್ರೂ ಪೂರ್ತಿ ಆಫ್ ಆಗದೆ ಕರ್ನಲ್ಲನ್ನ ಡಿಸ್ಕಿಗೆ ಬರ್ದಿಟ್ಟು ಅರ್ಧ ನಿದ್ದೆ ಹೋಗತ್ತೆ, ಆ ಸ್ಥಿತಿಯಲ್ಲಿ ಲಿನಕ್ಸ್ ಡ್ರೈವ್ ಮುಟ್ಟಿದ್ರೆ ಫೈಲ್‌ಗಳು ಕೆಡಬಹುದು, ಅದಕ್ಕೇ ಬರೆಯೋಕೆ ಬಿಡಲ್ಲ, ಅದು ಒಳ್ಳೇದೇ. ವಿಂಡೋಸಲ್ಲಿ ಪವರ್‌ಸಿಎಫ್‌ಜಿ ಸ್ಲ್ಯಾಶ್ ಎಚ್ ಆಫ್ ಅಂತ ಅಡ್ಮಿನ್ ಆಗಿ ಹೊಡೆದ್ರೆ ಹೈಬರ್ನೇಟ್ ಜೊತೆ ಇದೂ ಆಫ್ ಆಗತ್ತೆ. ಇನ್ನೊಂದು ಗಡಿಯಾರದ್ದು. ಉಬುಂಟುವಿಂದ ವಿಂಡೋಸಿಗೆ ಹೋದಾಗ ಟೈಮ್ ಸರಿಯಾಗಿ ಐದೂವರೆ ಗಂಟೆ ಹಿಂದೆ ಇರತ್ತೆ, ರಾತ್ರಿ 9ಕ್ಕೆ ಮಧ್ಯಾಹ್ನ 3:30 ಅಂತ ತೋರ್ಸತ್ತೆ. ಗಡಿಯಾರ ನಡೆಸೋ ಸಿಮೋಸ್ ಬ್ಯಾಟರಿ ಹೋಗಿದೆ ಅಂತ ಬದಲಾಯಿಸೋಕೆ ಹೋಗ್ಬೇಡಿ. ಬೋರ್ಡ್ ಮೇಲಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ, ಅಂದ್ರೆ ಅಂತರರಾಷ್ಟ್ರೀಯ ಟೈಮ್, ಇಡತ್ತೆ, ವಿಂಡೋಸ್ ಅದನ್ನೇ ಭಾರತದ ಟೈಮ್ ಅಂದ್ಕೊಳತ್ತೆ, ವ್ಯತ್ಯಾಸ ಐದೂವರೆ ಗಂಟೆ. ಉಬುಂಟು ಟರ್ಮಿನಲಲ್ಲಿ ಟೈಮ್‌ಡೇಟ್‌ಸಿಟಿಎಲ್ ಸ್ಪೇಸ್ ಸೆಟ್-ಲೋಕಲ್-ಆರ್‌ಟಿಸಿ ಸ್ಪೇಸ್ 1 ಅಂತ ಕೊಟ್ರೆ ಎರಡರಲ್ಲೂ ಟೈಮ್ ಒಂದೇ ಆಗತ್ತೆ. ಟೈಮ್‌ಡೇಟ್‌ಸಿಟಿಎಲ್ ಆಮೇಲೆ ಒಂದು ಎಚ್ಚರಿಕೆ ತೋರ್ಸತ್ತೆ, ಬೇರೆ ಬೇರೆ ಟೈಮ್‌ಝೋನ್, ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸೋ ದೇಶಗಳಲ್ಲಿ ತೊಂದ್ರೆ ಆಗಬಹುದು ಅಂತ, ನಮ್ಮಲ್ಲಿ ಆ ಪದ್ಧತಿ ಇಲ್ಲ, ಹಂಗಾಗಿ ಇಲ್ಲಿ ಕೂತು ಕೆಲಸ ಮಾಡೋರು ಅದಕ್ಕೆ ತಲೆ ಕೆಡಿಸ್ಕೋಬೇಕಾಗಿಲ್ಲ.